ಕಾಡಿನ ಲೆಕ್ಕ ಬರೆಯುವವರು



ಹೋದ ವರ್ಷ ಮಳೆಗಾಲ ಮುಗಿಯುವ ಸಮಯದಲ್ಲಿ, ಒಂದು ಮಧ್ಯಾಹ್ನ, ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕುಳಿತು ಪರೀಕ್ಷೆಯ ಉತ್ತರಪುಸ್ತಕಗಳನ್ನು ತಿದ್ದುತ್ತಿದ್ದಾಗ ನನ್ನ ವಿದ್ಯಾರ್ಥಿಯೊಬ್ಬನು ತನ್ನ ತಂದೆಯನ್ನು ಕರೆದುಕೊಂಡು ಬಂದನು. ತಂದೆ ಹುಣಸೂರು ತಾಲ್ಲೂಕಿನ ರೈತರು. ಅವರ ಹೊಲಕ್ಕೂ ನಾಗರಹೊಳೆಯ ಕಾಡಿಗೂ ನಡುವೆ ಇರುವುದು ಒಂದು ಕಂದಕ ಮಾತ್ರ. ಹೊಗೆಸೊಪ್ಪು, ರಾಗಿ, ಸ್ವಲ್ಪ ಮುಸುಕಿನ ಜೋಳ ಬೆಳೆಯತಕ್ಕವರು. ಹೆಗಲಮೇಲಿನ ಟವೆಲನ್ನು ತೆಗೆದು ಮಡಿಸಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಎಷ್ಟು ಹೇಳಿದರೂ ಕುಳಿತುಕೊಳ್ಳಲೊಲ್ಲರು. ಕೊನೆಗೆ ವಿಷಯಕ್ಕೆ ಬಂದರು.

“ಸ್ವಾಮಿ, ಇವನು ಎಂಎಸ್ಸಿ ಮಾಡಿ ಕಾಡಿಗೆ ಹೋಯ್ತೀನಿ ಅಂತಾನೆ. ಆನೆ ಎಣಿಸ್ತಾನಂತೆ. ಕಾಡ ಕಾಯಕ್ಕೆ ಗಾರ್ಡುಗಳವ್ರೆ, ವಾಚರುಗಳವ್ರೆ, ರೇಂಜರು ಅವ್ರೆ. ಇವನು ಹೋಗಿ ಮಾಡೋದೇನು? ಆನೆ ಓಡಿಸಿ ಓಡಿಸಿ ನನ್ನ ನಿದ್ದೆ ಹೋಯ್ತು. ಈಗ ಮಗನೂ ಅದರ ಹಿಂದೇನೇ ಹೋಗಬೇಕಾ?”

ಆ ದಿನ ನಾನು ಕೊಟ್ಟ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಉಪಾಧ್ಯಾಯನಾದವನ ಬಳಿ ತರಗತಿಯ ಪ್ರಶ್ನೆಗಳಿಗೆ ಸಿದ್ಧವಾದ ಉತ್ತರಗಳಿರುತ್ತವೆ. ಹೊಲದಿಂದ ಬಂದ ಪ್ರಶ್ನೆಗೆ ಅವು ಒದಗುವುದಿಲ್ಲ. ಇಂದು ಆಕಾಶವಾಣಿಯವರು ದಯಪಾಲಿಸಿರುವ ಈ ಸ್ವಲ್ಪ ಹೊತ್ತಿನಲ್ಲಿ ಆ ಯಜಮಾನರ ಪ್ರಶ್ನೆಗೇ ಉತ್ತರ ಹೇಳಲು ಯತ್ನಿಸುತ್ತೇನೆ. ಪಟ್ಟಣವಾಸಿಗಳಾದ ನಿಮಗೆ ಇದರಿಂದೇನು ಎನ್ನಬೇಡಿ. ನಿಮ್ಮ ಮನೆಯಲ್ಲಿಯೂ ಇಂಥ ಒಬ್ಬ ಮಗನೋ ಮಗಳೋ ಇರಬಹುದು. ಮನೆಯ ಹಿರಿಯರು ನನ್ನಂಥವರ ಬಳಿಗೆ ಸಲಹೆಗೆಂದು ಬರಬಹುದು.

ಸಲಹೆಯ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆ ಉಂಟು. ಹತ್ತು ಹನ್ನೆರಡು ವರ್ಷಗಳ ಕೆಳಗೆ ಇನ್ನೊಬ್ಬ ಹುಡುಗ ಇದೇ ಆಸೆಯನ್ನು ಇಟ್ಟುಕೊಂಡು ಬಂದಿದ್ದನು. ಕುಕ್ಕರಹಳ್ಳಿ ಕೆರೆಯ ಏರಿಯಮೇಲೆ ನಿಂತು, ಹಕ್ಕಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಕೂಗಿನಿಂದ ಅದರ ಹೆಸರು ಹೇಳುತ್ತಿದ್ದವನು. “ಇದರಲ್ಲಿ ಅನ್ನವಿಲ್ಲಪ್ಪ, ಬೇರೆ ದಾರಿ ನೋಡು” ಎಂದು ನಾನು ಬುದ್ಧಿ ಹೇಳಿದೆ. ಅವನು ಕೇಳಿದ. ಈಗ ಒಂದು ಕಛೇರಿಯಲ್ಲಿ ಒಳ್ಳೆಯ ಸಂಬಳದಲ್ಲಿದ್ದಾನೆ. ಪ್ರತಿವರ್ಷವೂ ದಸರೆಯ ರಜೆಯಲ್ಲಿ ಬಂದು ತಾನು ತೆಗೆದ ಹಕ್ಕಿಗಳ ಚಿತ್ರಗಳನ್ನು ತೋರಿಸುತ್ತಾನೆ. ನನ್ನನ್ನು ಒಂದು ದಿನವೂ ದೂರಿದವನಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಆ ದಿನ ಬುದ್ಧಿ ಹೇಳಿದವನಿಗೆ ಆ ವೃತ್ತಿಯ ಗಂಧವೇ ಇರಲಿಲ್ಲವೆಂಬುದು ಅನಂತರ ನನಗೆ ತಿಳಿಯಿತು. ಕಪ್ಪೆಯನ್ನು ಕೊಯ್ದು ನರಗಳನ್ನು ಎಣಿಸಿ ಪದವೀಧರನಾದವನು ನಾನು. ಕಾಡಿನ ಪ್ರಾಣಿಯನ್ನು ಜೀವಂತವಾಗಿ, ಅದರ ಮನೆಯಲ್ಲಿಯೇ ಇಟ್ಟು, ಮುಟ್ಟದೆ ಅಭ್ಯಾಸಮಾಡುವ ಶಾಸ್ತ್ರವೊಂದು ನಮ್ಮ ಮಗ್ಗುಲಲ್ಲಿಯೇ ಬೆಳೆಯುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ.

ಆ ಶಾಸ್ತ್ರವನ್ನು ವನ್ಯಜೀವಿ ಪರಿಸರಶಾಸ್ತ್ರ ಎನ್ನುತ್ತಾರೆ. ಹೆಸರು ದೊಡ್ಡದು, ಅರ್ಥ ಸರಳ. ಕಾಡೆಂಬ ಸಂಸಾರದ ಜಮಾಖರ್ಚನ್ನು ಬರೆಯುವುದೇ ಅದರ ಕೆಲಸ. ಎಷ್ಟು ಹುಲ್ಲು ಬೆಳೆಯಿತು, ಅದನ್ನು ಎಷ್ಟು ಜಿಂಕೆ ಮೇಯ್ದವು, ಆ ಜಿಂಕೆಯಲ್ಲಿ ಹುಲಿಗೆ ಎಷ್ಟು, ಕಾಡುನಾಯಿಗೆ ಎಷ್ಟು, ಈ ವರ್ಷ ಹುಟ್ಟಿದ್ದೆಷ್ಟು, ಸತ್ತದ್ದೆಷ್ಟು, ಬಿಟ್ಟುಹೋದದ್ದೆಷ್ಟು: ಇವನ್ನು ಊಹೆಯಿಂದಲ್ಲ, ಅಳತೆಯಿಂದ ಹೇಳಬೇಕು. ಹಿಂದೆ ಶಿಕಾರಿಗಳಿಗೆ ಕಾಡಿನ ತಿಳಿವಳಿಕೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದ ಸ್ಯಾಂಡರ್ಸನ್ ದೊರೆ ೧೮೭೮ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆನೆಯ ನಡವಳಿಕೆಯನ್ನು ಕುರಿತು ಇಂದಿಗೂ ಓದತಕ್ಕ ಮಾತುಗಳಿವೆ. ಆದರೆ ಶಿಕಾರಿ ನೋಡುವುದು ತನ್ನ ಗುರಿಯ ಮುಂದಿರುವ ಒಂದು ಪ್ರಾಣಿಯನ್ನು. ಕಾಡಿನಲ್ಲಿ ಒಟ್ಟು ಎಷ್ಟಿವೆ, ಮುಂದಿನ ವರ್ಷ ಎಷ್ಟಿರುತ್ತವೆ ಎಂಬ ಯೋಚನೆ ಅವನಿಗೆ ಬಂದದ್ದು ಪ್ರಾಣಿಗಳು ಕಡಮೆಯಾದ ಮೇಲೆ.

ಭಾರತದ ಹುಲಿಯನ್ನು ಈ ಹೊಸ ಕಣ್ಣಿನಿಂದ ಮೊದಲು ನೋಡಿದವರು ಜಾರ್ಜ್ ಶಾಲರ್. ಅವರು ೧೯೬೩ರಿಂದ ೧೯೬೫ರವರೆಗೆ ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ ಸಂಸಾರಸಮೇತ ನೆಲಸಿ, ಹುಲಿಯನ್ನೂ ಅದರ ಆಹಾರವಾದ ಜಿಂಕೆಗಳನ್ನೂ ಕುರಿತು ಗ್ರಂಥ ಬರೆದರು. ಅದು ೧೯೬೭ರಲ್ಲಿ ಪ್ರಕಟವಾಯಿತು. ಅವರಾದರೋ ಪರದೇಶದವರು, ವೃತ್ತಿಯಿಂದಲೇ ವಿಜ್ಞಾನಿಗಳು. ನನ್ನಂಥವನಿಗೆ ಹೆಚ್ಚು ಹತ್ತಿರದವರಾಗಿ ಕಾಣುವವರು ಎ. ಜೆ. ಟಿ. ಜಾನ್‌ಸಿಂಗ್. ಅವರು ಶಿವಕಾಶಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದವರು. ಅಂಥವರು ೧೯೭೬ರಿಂದ ೧೯೭೮ರವರೆಗೆ ನಮ್ಮ ಬಂಡೀಪುರದಲ್ಲಿ ಕಾಡುನಾಯಿಗಳ ಹಿಂಡಿನ ಹಿಂದೆ ಕಾಲ್ನಡಿಗೆಯಲ್ಲಿ ಅಲೆದರು. ಕಾಡುನಾಯಿಯನ್ನು ಆಗ ಯಾರೂ ಪ್ರೀತಿಸುತ್ತಿರಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವವರೆಗೂ ಅದನ್ನು ಕೊಂದವರಿಗೆ ಇನಾಮು ಕೊಡುವ ಪದ್ಧತಿಯಿತ್ತು. ಅದು ಕ್ರೂರಿ, ಸುಮ್ಮನೆ ಕೊಲ್ಲುವ ಪ್ರಾಣಿ ಎಂಬುದು ಶಿಕಾರಿಗಳ ತೀರ್ಪು. ಜಾನ್‌ಸಿಂಗ್ ಕಂಡದ್ದು ಒಂದು ಒಕ್ಕಲು ಕುಟುಂಬವನ್ನು. ಬೇಟೆಯಾಡಿದ ದೊಡ್ಡ ನಾಯಿಗಳು ಮಾಂಸವನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಬಂದು, ಗೂಡಿನಲ್ಲಿರುವ ತಾಯಿಗೂ ಮರಿಗಳಿಗೂ ಕಕ್ಕಿ ಉಣಿಸುತ್ತವೆ. ಒಂದು ತಾಯಿಯ ಮರಿಗಳನ್ನು ಹಿಂಡೆಲ್ಲ ಸೇರಿ ಸಾಕುತ್ತದೆ. ಭಾರತೀಯನೊಬ್ಬನು ಕಾಡಿನ ದೊಡ್ಡ ಸಸ್ತನಿಯೊಂದನ್ನು ಹೀಗೆ ಬೆನ್ನುಹತ್ತಿ ಶಾಸ್ತ್ರೀಯವಾಗಿ ಅಭ್ಯಾಸಮಾಡಿದ ಮೊದಲ ಕೆಲಸಗಳಲ್ಲಿ ಅದೊಂದು. ಮುಂದೆ ಅವರು ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಅನೇಕ ಶಿಷ್ಯರನ್ನು ತಯಾರುಮಾಡಿ, ೨೦೨೪ರಲ್ಲಿ ತೀರಿಕೊಂಡರು. ಅವರನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ನಾಚಿಕೆಯಾಗುತ್ತದೆ. ಬಂಡೀಪುರ ಶಿವಕಾಶಿಗೆ ದೂರ, ಮೈಸೂರಿಗೆ ಹತ್ತಿರ.

ಇನ್ನು ರೈತರ ಪ್ರಶ್ನೆಗೆ ಬರುತ್ತೇನೆ. ಕಾಯುವವರು ಇರುವಾಗ ಎಣಿಸುವವನು ಏಕೆ? ಖಜಾನೆಯನ್ನು ಕಾಯುವವನು ಬೇರೆ, ಲೆಕ್ಕ ತಪಾಸಣೆ ಮಾಡುವವನು ಬೇರೆ. ಕಾಯುವವನು ಪ್ರಾಮಾಣಿಕನಾಗಿರಬಹುದು, ಶೂರನಾಗಿರಬಹುದು. ಆದರೂ ಪೆಟ್ಟಿಗೆಯಲ್ಲಿ ಎಷ್ಟಿದೆಯೆಂಬುದನ್ನು ಅವನ ಮಾತಿನಮೇಲೆಯೇ ಬಿಡುವ ಸರಕಾರ ಯಾವುದೂ ಇಲ್ಲ. ಕಾಡಿನ ವಿಷಯದಲ್ಲಿ ನಾವು ಬಹುಕಾಲ ಹಾಗೆಯೇ ಬಿಟ್ಟಿದ್ದೆವು. ಅದರ ಫಲವೇನಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

೧೯೭೨ರಲ್ಲಿ ದೇಶದಲ್ಲೆಲ್ಲ ಹುಲಿಗಳ ಗಣತಿಯಾಯಿತು. ಬಂದ ಸಂಖ್ಯೆ ೧,೮೨೭. ಮರುವರ್ಷ ಏಪ್ರಿಲ್ ೧ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಗಣತಿಯ ಕ್ರಮ ಹೀಗೆ: ನಿಗದಿಯಾದ ಕೆಲವು ದಿನಗಳಲ್ಲಿ ಅರಣ್ಯದ ಸಿಬ್ಬಂದಿಯೆಲ್ಲ ಕಾಡಿನ ದಾರಿಗಳಲ್ಲಿ ನಡೆದು, ಧೂಳಿನಲ್ಲಿ ಕಂಡ ಹುಲಿಯ ಹೆಜ್ಜೆಯನ್ನು ಗಾಜಿನ ಮೂಲಕ ಕಾಗದಕ್ಕೆ ಇಳಿಸಿಕೊಳ್ಳುವುದು, ಇಲ್ಲವೆ ಗಾರೆಯಲ್ಲಿ ಅಚ್ಚು ತೆಗೆಯುವುದು. ಆಮೇಲೆ ಅವನ್ನು ಹರಡಿಕೊಂಡು ಕುಳಿತು, ಇದು ಈ ಹುಲಿ, ಅದು ಆ ಹುಲಿ ಎಂದು ವಿಂಗಡಿಸುವುದು. ಒಂದೇ ಹುಲಿ ಒದ್ದೆಮಣ್ಣಿನಲ್ಲಿ ಒಂದು ಗುರುತನ್ನೂ, ಸಡಿಲವಾದ ಧೂಳಿನಲ್ಲಿ ಇನ್ನೊಂದು ಗುರುತನ್ನೂ ಬಿಡುತ್ತದೆ. ಓಡಿದರೆ ಬೇರೆ, ನಿಂತರೆ ಬೇರೆ. ಗಟ್ಟಿನೆಲದಲ್ಲಿ ನಡೆದರೆ ಗುರುತೇ ಇಲ್ಲ. ಮೃಗಾಲಯದ ಕೆಲವೇ ಹುಲಿಗಳ ಹೆಜ್ಜೆಗಳನ್ನು ಬರೆದು ಅನುಭವಶಾಲಿಗಳ ಮುಂದೆ ಇಟ್ಟಾಗ, ಅವರು ಅವುಗಳಲ್ಲಿ ಇಲ್ಲದ ಹುಲಿಗಳನ್ನೂ ಕಂಡದ್ದುಂಟು. ಆದರೂ ಈ ಕ್ರಮವೇ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಮೇಲಿನವರಿಗೆ ವರ್ಷವರ್ಷವೂ ಏರುವ ಸಂಖ್ಯೆ ಬೇಕಾಗಿತ್ತು. ಕೆಳಗಿನವರು ಅದನ್ನು ಒದಗಿಸುತ್ತಿದ್ದರು. ಇದರಲ್ಲಿ ಎಲ್ಲರೂ ಸುಳ್ಳರೆಂದು ಹೇಳಲಾರೆ. ತಪ್ಪು ಅಳತೆಗೋಲನ್ನು ಕೈಗೆ ಕೊಟ್ಟರೆ ಸತ್ಯವಂತನೂ ತಪ್ಪನ್ನೇ ಅಳೆಯುತ್ತಾನೆ.

ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ೨೦೦೪ರ ಗಣತಿಯ ಪ್ರಕಾರ ೧೬ರಿಂದ ೧೮ ಹುಲಿಗಳಿದ್ದುವು. ೨೦೦೫ರ ಆರಂಭದಲ್ಲಿ ಹುಡುಕಲು ಹೋದವರಿಗೆ ಒಂದೂ ಸಿಕ್ಕಲಿಲ್ಲ. ಕಳ್ಳಬೇಟೆಗಾರರು ಒಂದನ್ನೂ ಉಳಿಸದೆ ಕೊಂದು ಮಾರಿದ್ದರು. ಕಾವಲು ಇತ್ತು, ಜೀಪುಗಳಿದ್ದುವು, ರಿಜಿಸ್ಟರುಗಳಿದ್ದುವು. ಹುಲಿಗಳು ರಿಜಿಸ್ಟರಿನಲ್ಲಿ ಮಾತ್ರ ಬದುಕಿದ್ದುವು. ದೇಶ ಬೆಚ್ಚಿತು, ಪ್ರಧಾನಮಂತ್ರಿಗಳು ಅದೇ ವರ್ಷ ಒಂದು ಸಮಿತಿಯನ್ನು ನೇಮಿಸಿದರು, ಹೆಜ್ಜೆ ಎಣಿಸುವ ಕ್ರಮವನ್ನು ಕೈಬಿಟ್ಟರು. ಹೊಸ ರೀತಿಯಲ್ಲಿ ನಡೆದ ೨೦೦೬ರ ಅಂದಾಜಿನಲ್ಲಿ ದೇಶದ ಹುಲಿಗಳ ಸಂಖ್ಯೆ ೧,೪೧೧ ಎಂದು ಬಂತು. ಅದಕ್ಕೆ ನಾಲ್ಕು ವರ್ಷದ ಹಿಂದೆ ಸರಕಾರಿ ಲೆಕ್ಕ ೩,೬೦೦ಕ್ಕಿಂತ ಹೆಚ್ಚಾಗಿತ್ತು. ಯಜಮಾನರೇ, ನಿಮ್ಮ ಮಗ ಹೋಗಿ ಮಾಡುವುದೇನೆಂದು ಕೇಳಿದಿರಲ್ಲ. ಸರಿಸ್ಕಾದಲ್ಲಿ ಅಂಥವನೊಬ್ಬ ವರ್ಷ ವರ್ಷವೂ ಎಣಿಸುತ್ತಿದ್ದಿದ್ದರೆ, ಹದಿನಾರು ಹತ್ತಕ್ಕೆ ಇಳಿದಾಗಲೇ ಕೂಗಿಕೊಳ್ಳುತ್ತಿದ್ದನು.

ಹೊಸ ರೀತಿಯೆಂದೆನಷ್ಟೆ. ಅದರ ಬೇರು ನಾಗರಹೊಳೆಯಲ್ಲಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಓದಿದ್ದು ಎಂಜಿನಿಯರಿಂಗು. ಮಾಡಿದ್ದು ಕೆಲವು ಕಾಲ ಬೇಸಾಯ. ವನ್ಯಜೀವಿಯ ಶಾಸ್ತ್ರವನ್ನು ಕಲಿಯಲು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿ ಪಡೆದದ್ದು ೧೯೮೮ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ. ನಲವತ್ತು ದಾಟಿದ ನನಗೆ ಈ ಅಂಶವನ್ನು ಹೇಳುವಾಗ ಸ್ವಲ್ಪ ಸಮಾಧಾನವಾಗುತ್ತದೆಂದು ಒಪ್ಪಿಕೊಳ್ಳುತ್ತೇನೆ. ೧೯೯೦ರಲ್ಲಿ ಅವರು ನಾಗರಹೊಳೆಯ ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿದರು. ಈ ಶ್ರೋತೃವರ್ಗಕ್ಕೆ ಆ ಯಂತ್ರವನ್ನು ವಿವರಿಸುವುದು ಸುಲಭ. ಕೊರಳಪಟ್ಟಿಯಲ್ಲಿ ಒಂದು ಪುಟ್ಟ ಪ್ರಸಾರಕೇಂದ್ರವಿರುತ್ತದೆ. ಅದು ಎಡೆಬಿಡದೆ ಟಿಕ್ ಟಿಕ್ ಎಂದು ನುಡಿಯುತ್ತದೆ. ದೂರದಲ್ಲಿ ಒಬ್ಬನು ಕೈಯಲ್ಲಿ ಏರಿಯಲ್ ಹಿಡಿದು, ದನಿ ಯಾವ ದಿಕ್ಕಿನಲ್ಲಿ ಗಟ್ಟಿಯಾಗಿದೆಯೆಂದು ನೋಡಿ ನಕ್ಷೆಯಮೇಲೆ ಒಂದು ಗೆರೆ ಎಳೆಯುತ್ತಾನೆ. ಇನ್ನೊಂದು ಎಡೆಯಿಂದ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಹುಲಿ. ಅದೂ ಒಂದು ಆಕಾಶವಾಣಿಯೇ. ಕೇಳುವವನು ಒಬ್ಬನೇ, ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳುತ್ತಾನೆ. ನಮ್ಮ ಈ ನಿಲಯಕ್ಕೆ ಅಷ್ಟು ನಿಷ್ಠೆಯ ಶ್ರೋತೃ ಒಬ್ಬರಾದರೂ ಇದ್ದಾರೆಯೆ?

ಆದರೆ ಪಟ್ಟಿ ಕಟ್ಟಿದ ನಾಲ್ಕಾರು ಹುಲಿಗಳಿಂದ ಕಾಡಿನ ಒಟ್ಟು ಸಂಖ್ಯೆ ತಿಳಿಯುವುದಿಲ್ಲ. ಅದಕ್ಕಾಗಿ ಅವರು ಬೇರೊಂದು ಉಪಾಯ ಮಾಡಿದರು. ಹುಲಿಯ ಮೈಮೇಲಿನ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಒಂದರದು ಇನ್ನೊಂದಕ್ಕೆ ಇಲ್ಲ. ೧೯೨೦ರ ದಶಕದಲ್ಲಿಯೇ ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಸಂಯುಕ್ತ ಪ್ರಾಂತ್ಯದ ಕಾಡುಗಳಲ್ಲಿ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯೇ ತುಳಿದು ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. ಅದೇ ತತ್ತ್ವವನ್ನು ಸುಧಾರಿಸಿ, ದಾರಿಯ ಎರಡು ಪಕ್ಕಗಳಲ್ಲಿಯೂ ಒಂದೊಂದು ಕ್ಯಾಮೆರಾ ನಿಲ್ಲಿಸಿದರು; ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೊಂದಿಕೆಯಿಲ್ಲವಾದ್ದರಿಂದ ಎರಡೂ ಬೇಕು. ಆದರೆ ಚಿತ್ರಗಳಲ್ಲಿ ಇಪ್ಪತ್ತು ಹುಲಿ ಬಂದರೆ ಕಾಡಿನಲ್ಲಿ ಇಪ್ಪತ್ತೇ ಇವೆಯೆಂದು ಅರ್ಥವೆ? ಕ್ಯಾಮೆರಾದ ಮುಂದೆ ಬಾರದೆ ಉಳಿದವು ಎಷ್ಟು? ಇಲ್ಲಿಯೇ ಶಾಸ್ತ್ರದ ಸ್ವಾರಸ್ಯವಿರುವುದು.

ಒಂದು ಭರಣಿಯ ತುಂಬ ಅವರೆಕಾಳು ಇದೆಯೆಂದು ಇಟ್ಟುಕೊಳ್ಳಿ. ಎಷ್ಟಿದೆಯೋ ತಿಳಿಯದು, ಎಲ್ಲವನ್ನೂ ಸುರಿದು ಎಣಿಸಕೂಡದು. ೫೦ ಕಾಳನ್ನು ತೆಗೆದು ಕುಂಕುಮ ಹಚ್ಚಿ ಮತ್ತೆ ಒಳಗೆ ಹಾಕಿ ಚೆನ್ನಾಗಿ ಕಲಸಿ. ಆಮೇಲೆ ಕಣ್ಣು ಮುಚ್ಚಿ ಪುನಃ ೫೦ ತೆಗೆಯಿರಿ. ಅವುಗಳಲ್ಲಿ ಕುಂಕುಮದವು ೧೦ ಬಂದುವೆನ್ನೋಣ. ಎಂದರೆ ಐದರಲ್ಲಿ ಒಂದು ಕುಂಕುಮದ್ದು. ನೀವು ಕುಂಕುಮ ಹಚ್ಚಿದ್ದು ೫೦; ಆದಕಾರಣ ಭರಣಿಯಲ್ಲಿರುವುದು ಸುಮಾರು ೨೫೦. ಇಷ್ಟೇ. ಡೆನ್ಮಾರ್ಕಿನ ಪೀಟರ್ಸನ್ ಈ ಯುಕ್ತಿಯನ್ನು ೧೮೯೦ರ ದಶಕದಲ್ಲಿ ಮೀನುಗಳಿಗೆ ಬಳಸಿದರು, ಅಮೆರಿಕದ ಲಿಂಕನ್ ೧೯೩೦ರಲ್ಲಿ ಬಾತುಗಳಿಗೆ ಬಳಸಿದರು. ಹುಲಿಗೆ ಕುಂಕುಮ ಹಚ್ಚುವ ಸಾಹಸ ಬೇಕಿಲ್ಲ. ಬ್ರಹ್ಮನೇ ಹಚ್ಚಿ ಕಳುಹಿಸಿದ್ದಾನೆ. ಮೊದಲ ಸಾರಿ ಚಿತ್ರಕ್ಕೆ ಸಿಕ್ಕಿದ್ದು ಗುರುತುಮಾಡಿದಂತೆ, ಎರಡನೆಯ ಸಾರಿ ಸಿಕ್ಕಿದ್ದು ಮತ್ತೆ ಹಿಡಿದಂತೆ. ಕಾಳಿಗಿಂತ ಹುಲಿಯ ಲೆಕ್ಕ ತೊಡಕಿನದು, ನಿಜ. ಕೆಲವು ಹುಲಿ ನಾಚಿಕೆಯವು, ಕೆಲವು ದಾರಿಯಲ್ಲೇ ಓಡಾಡುವವು. ಎಣಿಸುವ ದಿನಗಳು ಹೆಚ್ಚಾದರೆ ಕೆಲವು ಸಾಯುತ್ತವೆ, ಕೆಲವು ಹೊಸದಾಗಿ ಬರುತ್ತವೆ. ಅದಕ್ಕೆಲ್ಲ ಗಣಿತವುಂಟು. ಕಾರಂತರು ಈ ಕ್ರಮವನ್ನು ಹುಲಿಗೆ ಅನ್ವಯಿಸಿ ೧೯೯೫ರಲ್ಲಿ ಪ್ರಕಟಿಸಿದರು. ೧೯೯೮ರಲ್ಲಿ ಜೇಮ್ಸ್ ನಿಕಲ್ಸ್ ಎಂಬ ಅಮೆರಿಕದ ವಿಜ್ಞಾನಿಯೊಡನೆ ಅದನ್ನು ಬೆಳೆಸಿದರು. ನಾಗರಹೊಳೆಯಲ್ಲಿ ನೂರು ಚದರ ಕಿಲೋಮೀಟರಿಗೆ ಸುಮಾರು ೧೨ ಹುಲಿಗಳಿದ್ದುವು ಎಂದು ತಿಳಿದುಬಂತು.

ಅದಕ್ಕಿಂತಲೂ ನನ್ನನ್ನು ಯೋಚನೆಗೆ ಹಚ್ಚಿದ ಫಲಿತಾಂಶ ಇನ್ನೊಂದು. ಒಂಬತ್ತು ಹತ್ತು ವರ್ಷ ಅದೇ ಕಾಡಿನಲ್ಲಿ ಅದೇ ಕೆಲಸವನ್ನು ಮಾಡುತ್ತ ಹೋದಮೇಲೆ ಕಂಡದ್ದೇನೆಂದರೆ, ವರ್ಷಕ್ಕೆ ನೂರರಲ್ಲಿ ಸುಮಾರು ೨೩ ಹುಲಿಗಳು ಸತ್ತೋ ಊರು ಬಿಟ್ಟೋ ಕಾಣೆಯಾಗುತ್ತವೆ. ಆದರೂ ಹಿಂಡು ಕುಸಿಯಲಿಲ್ಲ. ಮೇವು ಚೆನ್ನಾಗಿರುವ ಕಾಡಿನಲ್ಲಿ ಹುಟ್ಟು ಸಾವನ್ನು ಮೀರಿಸುತ್ತದೆ. ಒಂದು ಹುಲಿ ಸತ್ತಿತೆಂದು ಪತ್ರಿಕೆಯಲ್ಲಿ ಓದಿ ನಾವು ಮರುಗುತ್ತೇವೆ. ಮರುಗುವುದು ತಪ್ಪಲ್ಲ. ಆದರೆ ಕಾಡಿಗೆ ಹೆಚ್ಚಿನ ಅಪಾಯವಿರುವುದು ಪತ್ರಿಕೆಯಲ್ಲಿ ಬಾರದ ಸಾವುಗಳಿಂದ, ಎಂದರೆ ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳ ಸಾವಿನಿಂದ. ಒಂದು ಹುಲಿಗೆ ವರ್ಷಕ್ಕೆ ಸುಮಾರು ೫೦ ದೊಡ್ಡ ಪ್ರಾಣಿಗಳು ಬೇಕು. ಅದು ತನ್ನ ಎಲ್ಲೆಯೊಳಗಿನವುಗಳಲ್ಲಿ ಹತ್ತರಲ್ಲಿ ಒಂದನ್ನು ತಿಂದುಕೊಂಡಿರುತ್ತದೆ. ಎಂದಮೇಲೆ ಒಂದು ಹುಲಿ ಬಾಳಬೇಕಾದರೆ ಸುಮಾರು ೫೦೦ ಮೇಯುವ ಪ್ರಾಣಿಗಳು ಇರಬೇಕು. ಉರುಳು ಹಾಕಿ ಜಿಂಕೆ ಹಿಡಿಯುವವನು ಹುಲಿಯನ್ನು ಮುಟ್ಟದೆಯೇ ಕೊಲ್ಲುತ್ತಾನೆ.

ಆ ಮೇಯುವ ಪ್ರಾಣಿಗಳನ್ನು ಎಣಿಸುವ ಕೆಲಸಕ್ಕೆ ನಾನೂ ಒಮ್ಮೆ ಸ್ವಯಂಸೇವಕನಾಗಿ ಹೋಗಿದ್ದೆ. ಕಾಡಿನಲ್ಲಿ ನೇರವಾಗಿ ಕೆಲವು ಗೆರೆಗಳನ್ನು ಹಾಕಿಕೊಂಡಿರುತ್ತಾರೆ. ಬೆಳಗಿನ ಜಾವ ಇಬ್ಬರು ಸದ್ದಿಲ್ಲದೆ ಗೆರೆಯಮೇಲೆ ನಡೆಯಬೇಕು. ಪ್ರಾಣಿ ಕಂಡರೆ ಎಷ್ಟು ದೂರ, ಯಾವ ಕೋನ ಎಂಬುದನ್ನು ಬರೆದುಕೊಳ್ಳಬೇಕು. ಹತ್ತಿರದವು ಹೆಚ್ಚಾಗಿ ಕಾಣುತ್ತವೆ, ದೂರದವು ಮರೆಯಾಗುತ್ತವೆ. ದೂರ ಹೆಚ್ಚಿದಂತೆ ಕಾಣ್ಕೆ ಎಷ್ಟರಮಟ್ಟಿಗೆ ಕುಗ್ಗುತ್ತದೆಂಬುದರಿಂದ, ಕಾಣದೆ ಉಳಿದವು ಎಷ್ಟೆಂದು ಲೆಕ್ಕ ಹಾಕುತ್ತಾರೆ. ಹುಲಿಯೋ ಆನೆಯೋ ಎದುರಾದೀತೆಂದು ನಾನು ಎದೆಗಟ್ಟಿಮಾಡಿಕೊಂಡು ಹೋದೆ. ಮೊದಲ ದಿನ ಕಂಡದ್ದು ಎರಡು ಮುಸುವ ಮತ್ತು ಒಂದು ಕಾಡುಕೋಳಿಯ ಬಾಲ. ಎರಡನೆಯ ದಿನ ಏನೂ ಇಲ್ಲ. ಜಿಗಣೆ ಮಾತ್ರ ಕಾಲಿನಲ್ಲಿ ಕಂಡವು, ಅವನ್ನು ಎಣಿಸುವ ಕಟ್ಟಳೆಯಿರಲಿಲ್ಲ. ನಾನು ಹಾಳೆಯನ್ನು ಖಾಲಿ ಬಿಟ್ಟು ಹಿಂದಿರುಗಿದಾಗ, ನನ್ನ ಶಿಷ್ಯೆಯಾಗಲು ತಕ್ಕ ವಯಸ್ಸಿನ ಸಂಶೋಧಕಿಯೊಬ್ಬಳು “ಸಾರ್, ಖಾಲಿ ಬಿಡಬಾರದು. ನಡೆದಿರಿ, ನೋಡಿದಿರಿ, ಕಾಣಲಿಲ್ಲ. ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟರೆ ನೀವು ಹೋಗಲೇ ಇಲ್ಲವೆಂದು ಅರ್ಥವಾಗುತ್ತದೆ” ಎಂದಳು. ಇಪ್ಪತ್ತು ವರ್ಷ ಪಾಠ ಹೇಳಿದವನು ಆ ದಿನ ಸೊನ್ನೆಗೂ ಖಾಲಿಗೂ ಇರುವ ಅಂತರವನ್ನು ಕಲಿತೆ.

ಈ ಕೆಲಸದಲ್ಲಿ ಇನ್ನೊಬ್ಬರ ಹೆಸರನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಹೆಸರು ಹೇಳುವಂತೆ ಅವರು ಎಲ್ಲಿಯೂ ಅಚ್ಚಾಗಿಲ್ಲ. ಜೇನುಕುರುಬರು, ಬೆಟ್ಟಕುರುಬರು ಇವರ ಕಣ್ಣಿಲ್ಲದೆ ನಮ್ಮ ಕಾಡುಗಳಲ್ಲಿ ಯಾವ ವಿಜ್ಞಾನಿಯೂ ಹೆಜ್ಜೆ ಇಟ್ಟಿಲ್ಲ. ಮುರಿದ ಹುಲ್ಲುಕಡ್ಡಿಯನ್ನು ನೋಡಿ ಪ್ರಾಣಿ ಯಾವಾಗ ಹಾದುಹೋಯಿತೆಂದು ಹೇಳುವವರು ಅವರು. ಪ್ರಬಂಧ ಅಚ್ಚಾದಾಗ ಅವರಿಗೆ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ. ಅವರ ಅಜ್ಜಂದಿರ ಹಾಡಿಗಳೇ ಅಭಯಾರಣ್ಯದ ಹೆಸರಿನಲ್ಲಿ ಕಾಡಿನಿಂದ ಹೊರಗೆ ಬಂದುವೆಂಬ ಸಂಗತಿಯನ್ನು ಈ ವೃತ್ತಿಗೆ ಹೋಗುವ ತರುಣರು ತಿಳಿದೇ ಹೋಗಬೇಕು.

ಇನ್ನು ಆನೆಯ ವಿಚಾರ. ಯಜಮಾನರ ನಿದ್ದೆ ಕೆಡಿಸಿದ್ದು ಹುಲಿಯಲ್ಲ, ಆನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರು ೧೯೮೦ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಡೆಯ ಕಾಡಂಚುಗಳಲ್ಲಿ ಆನೆಗಳನ್ನೂ, ಅವು ಮೇಯ್ದ ಹೊಲಗಳನ್ನೂ ಕೂಡಿಯೇ ಅಭ್ಯಾಸಮಾಡಿದರು. ಬೆಳೆಗೆ ನುಗ್ಗುವುದರಲ್ಲಿ ದೊಡ್ಡ ಗಂಡಾನೆ ಹಿಂಡಿನ ಹೆಣ್ಣಾನೆಗಿಂತ ಹಲವು ಪಟ್ಟು ಮುಂದು ಎಂದು ಅವರು ಅಳೆದು ತೋರಿಸಿದರು. ರೈತರಿಗೆ ಇದು ಹೊಸದಲ್ಲ. ಒಂಟಿ ಸಲಗದ ಕಾಟ ಅವರಿಗೆ ಗೊತ್ತಿದ್ದದ್ದೇ. ಏಕೆಂಬುದು ಹೊಸದು. ರಾಗಿಯ ತೆನೆಯಲ್ಲಿಯೂ ಭತ್ತದಲ್ಲಿಯೂ ಆ ಕಾಲದ ಕಾಡುಹುಲ್ಲಿಗಿಂತ ಸಾರ ಹೆಚ್ಚು, ಉಪ್ಪಿನಂಶ ಹೆಚ್ಚು. ಗಂಡಾನೆಗೆ ಮೈ ತುಂಬಿಕೊಂಡರೆ ಮದವೇರುತ್ತದೆ, ಎದುರಾಳಿಯನ್ನು ಗೆಲ್ಲುತ್ತದೆ, ಸಂತಾನ ಪಡೆಯುತ್ತದೆ. ಆ ಲಾಭಕ್ಕಾಗಿ ಪಟಾಕಿಗೂ ಗುಂಡಿಗೂ ಎದೆಕೊಡುತ್ತದೆ. ಮರಿಯಿರುವ ತಾಯಿ ಅಷ್ಟು ಧೈರ್ಯ ಮಾಡುವುದಿಲ್ಲ. ಇದನ್ನು ತಿಳಿದರೆ ಹೊಲ ಉಳಿಯಿತೆ ಎಂದು ಕೇಳುವಿರಿ. ತಾನಾಗಿ ಉಳಿಯಲಿಲ್ಲ. ಆದರೆ ಹಿಂಡನ್ನೆಲ್ಲ ಶತ್ರುವೆಂದು ಅಟ್ಟುವುದಕ್ಕೂ, ಯಾವ ಆನೆ, ಯಾವ ತಿಂಗಳು, ಯಾವ ದಾರಿ ಎಂದು ತಿಳಿದು ಆ ದಾರಿಯನ್ನು ಕಟ್ಟುವುದಕ್ಕೂ ಇರುವ ವ್ಯತ್ಯಾಸ ರೋಗವನ್ನರಿತು ಮದ್ದು ಕೊಡುವುದಕ್ಕೂ ಸುಮ್ಮನೆ ಕಷಾಯ ಕುಡಿಸುವುದಕ್ಕೂ ಇರುವಷ್ಟು.

ಹೊಟ್ಟೆಯ ಮಾತನ್ನು ಮರೆಸಿದೆನೆಂದು ಯಾರೂ ಭಾವಿಸಬಾರದು. ಡೆಹರಾಡೂನಿನ ಸಂಸ್ಥೆ ೧೯೮೨ರಲ್ಲಿ ಸ್ಥಾಪಿತವಾಯಿತು; ಬೆಂಗಳೂರಿನಲ್ಲಿಯೂ ಈ ಶತ್ಕದ ಮೊದಲ ದಶಕದಲ್ಲಿ ಈ ವಿಷಯಕ್ಕೇ ಮೀಸಲಾದ ಸ್ನಾತಕೋತ್ತರ ತರಗತಿ ಬಂತು; ನಮ್ಮ ಮೈಸೂರಿನಲ್ಲಿಯೇ ೧೯೯೬ರಲ್ಲಿ ಕೆಲವರು ತರುಣರು ಸೇರಿ ಕಟ್ಟಿದ ಪ್ರತಿಷ್ಠಾನ ಹಿಮಾಲಯದ ಹಿಮಚಿರತೆಯವರೆಗೆ ಕೆಲಸ ಮಾಡಿದೆ. ಸರಕಾರದ ಕಿರಿಯ ಸಂಶೋಧನಾ ವೇತನ ೨೦೨೩ರಲ್ಲಿ ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿತು. ಆದರೆ ಅದು ಪರೀಕ್ಷೆಯಲ್ಲಿ ಗೆದ್ದವರಿಗೆ. ಉಳಿದವರು ಯೋಜನೆಯಿಂದ ಯೋಜನೆಗೆ, ಒಂದೆರಡು ವರ್ಷದ ಕರಾರಿನಲ್ಲಿ, ಕಡಮೆ ಸಂಬಳಕ್ಕೆ ದುಡಿಯುತ್ತಾರೆ. ಡಾಕ್ಟರೇಟಿಗೆ ಐದಾರು ವರ್ಷ ಹಿಡಿಯುತ್ತದೆ. ಕಾಡಿಗೆ ಹೋಗಲು ಅಪ್ಪಣೆ ಬೇಕು. ಅಪ್ಪಣೆಗೆ ತಿಂಗಳುಗಟ್ಟಲೆ ಕಾಯಬೇಕು. ಖಾಯಂ ಹುದ್ದೆಗಳು ಕೆಲವೇ. ಇಷ್ಟರ ಮೇಲೆ, ಕಷ್ಟಪಟ್ಟು ತಂದ ಸಂಖ್ಯೆ ಯಾರಿಗೂ ಹಿತವಾಗದಿರಬಹುದು. ೨೦೨೨ರ ರಾಷ್ಟ್ರೀಯ ಅಂದಾಜಿನಲ್ಲಿ ಹುಲಿಗಳ ಸಂಖ್ಯೆ ೩,೬೮೨ ಎಂದು ಬಂದಿತು, ಕರ್ನಾಟಕದಲ್ಲಿ ೫೬೩. ಈ ಅಂದಾಜುಗಳ ಕ್ರಮವನ್ನು ಕುರಿತು ವಿಜ್ಞಾನಿಗಳಲ್ಲಿಯೇ ವಾದಗಳು ನಡೆದಿವೆ. ಹುಲಿ ಹೆಚ್ಚಿತೆಂದು ಎಲ್ಲರೂ ಸಂತೋಷಪಡುತ್ತಿರುವಾಗ ಎದ್ದುನಿಂತು, ‘ಲೆಕ್ಕವನ್ನು ಇನ್ನೊಮ್ಮೆ ನೋಡೋಣ’ ಎನ್ನುವವನಿಗೆ ಸಭೆಯಲ್ಲಿ ಹಾರ ಬೀಳುವುದಿಲ್ಲ. ಅಂಥ ಮಾತನ್ನು ಆಡಬಲ್ಲ ಗಟ್ಟಿತನವಿಲ್ಲದ ಹುಡುಗ ಬರಿಯ ಕಾಡಿನ ಪ್ರೀತಿಯಿಂದ ಇದಕ್ಕೆ ಹೋಗದಿರುವುದು ಲೇಸು. ಪ್ರೀತಿಗೆ ಭಾನುವಾರಗಳು ಸಾಕು.

ಇದೆಲ್ಲವನ್ನೂ ನಾನು ಸಂಕ್ರಾಂತಿ ಕಳೆದ ಮೇಲೆ ಆ ಯಜಮಾನರ ಮನೆಗೆ ಹೋಗಿ ಹೇಳಿದೆ. ರಾಗಿ ಕಣ ಮುಗಿದಿತ್ತು. ಅವರು ಸಾವಧಾನವಾಗಿ ಕೇಳಿದರು. ಭರಣಿಯ ಲೆಕ್ಕವನ್ನು ಎರಡು ಸಾರಿ ಹೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರುಗಳ ಒಂದು ಕಟ್ಟನ್ನು ತಂದರು. ಪಂಚಾಂಗವಿರುವ ಗೋಡೆಯ ಕ್ಯಾಲೆಂಡರು, ಹನ್ನೊಂದು ವರ್ಷದವು. ದಿನದ ಮನೆಗಳಲ್ಲಿ ಅಲ್ಲಲ್ಲಿ ಕೆಂಪು ಗೀಟುಗಳು, ಅಲ್ಲಲ್ಲಿ ಸುತ್ತುಗಳು.

“ಗೀಟು ಅಂದ್ರೆ ಒಂಟಿ ಸಲಗ ಬಂದಿದ್ದು. ಸುತ್ತು ಅಂದ್ರೆ ಹಿಂಡು. ಪರಿಹಾರದ ಅರ್ಜಿಗೆ ತಾರೀಖು ಕೇಳ್ತಾರೆ ಅಂತ ಹಾಕ್ಕೊಂಡ್ ಬಂದೆ. ಅಮಾವಾಸ್ಯೆ ಮಗ್ಗುಲಲ್ಲಿ ಜಾಸ್ತಿ ಬತ್ತವೆ ಸ್ವಾಮಿ, ನೋಡಿ ಬೇಕಾರೆ.”

ಅಮಾವಾಸ್ಯೆಯ ಮಾತು ನಿಜವೋ ಅಲ್ಲವೋ ಎಣಿಸಿ ನೋಡಬೇಕಾದದ್ದು. ಮಗನ ಕಣ್ಣು ಆ ಕಾಗದಗಳಿಂದ ಏಳಲಿಲ್ಲ. ಹುಟ್ಟಿದಂದಿನಿಂದ ಗೋಡೆಯಮೇಲೆ ನೋಡುತ್ತ ಬಂದದ್ದನ್ನು ಮೊದಲ ಸಾರಿ ನೋಡುವವನಂತೆ ನೋಡುತ್ತಿದ್ದನು. ನಾನೂ ಹಾಳೆಗಳನ್ನು ತಿರುವುತ್ತ ಹೋದೆ. ೨೦೧೯ರ ನವೆಂಬರಿನಲ್ಲಿ ಒಂದು ಗೀಟೂ ಇರಲಿಲ್ಲ. ರಾಗಿ ಹಾಲುದುಂಬಿ ಬಲಿಯುವ ಕಾಲ. ಹಿಂದಿನ ಮುಂದಿನ ವರ್ಷಗಳಲ್ಲಿ ಅದೇ ತಿಂಗಳು ಕೆಂಪೇ ಕೆಂಪು.

“ಈ ತಿಂಗಳು ಆನೆ ಬರಲೇ ಇಲ್ಲವೆ, ಯಜಮಾನರೇ?” ಎಂದೆ.

“ಬರದೇನು ಸ್ವಾಮಿ! ಆಗ ನಮ್ಮ ಮನೆಯವಳಿಗೆ ಮೈಸೂರಲ್ಲಿ ಆಪರೇಷನ್ ಆಗಿತ್ತು. ಒಂದು ತಿಂಗಳು ಆಸ್ಪತ್ರೇಲೇ ಇದ್ದೆ. ಆನೆ ಬಂದೇ ಇರ್ತದೆ. ಗೀಟು ಹಾಕಕ್ಕೆ ನಾನಿರಲಿಲ್ಲ, ಅಷ್ಟೆ.”

ಮಗನು ಸೀಸದಕಡ್ಡಿಯನ್ನು ತೆಗೆದು ಆ ಹಾಳೆಯ ಅಂಚಿನಲ್ಲಿ ‘ನೋಡಿದವರಿಲ್ಲ’ ಎಂದು ಬರೆದುಕೊಂಡನು.